ಜಾಕೋಬಾಬಾದಿನ ವರ, ಚಿರಾಪುಂಜಿಯ ವರ

ಹವೆಯ ವಿಷಯದಲ್ಲಿ ನಮ್ಮ ಪುಣೆಯ ಜನ ಬಹಳ ಜಂಬದವರು. ಬಂದ ಅತಿಥಿ ಕಾಲು ತೊಳೆಯುವ ಮೊದಲೇ 'ನಮ್ಮಲ್ಲಿಯ ಹವೆ ಹೇಗಿದೆ?' ಎಂದು ಕೇಳುತ್ತಾರೆ. ತಾವೇ ಬೀಸಿ, ಜರಡಿ ಹಿಡಿದು ತಯಾರಿಸಿದವರ ಹಾಗೆ. ಧಾರವಾಡದಿಂದ ಬಂದ ನಾನೂ ಈ ಜಂಬವನ್ನು ಬೇಗನೆ ಕಲಿತೆ. ನನಗೆ ಅದಕ್ಕೆ ಸ್ವಲ್ಪ ಹಕ್ಕೂ ಇತ್ತೆನ್ನಿ. ನಾನು ಹವಾಮಾನದ ಕಚೇರಿಯಲ್ಲಿ ಗುಮಾಸ್ತ. ಮಳೆ ತರಿಸುವವನೂ ಅಲ್ಲ, ಮುಂಚಿತವಾಗಿ ಹೇಳುವವನೂ ಅಲ್ಲ. ಊರೂರುಗಳಿಂದ ತಂತಿಯಲ್ಲಿ ಬಂದ ಸೆಕೆ-ಮಳೆಯ ಅಂಕಿಗಳನ್ನು ದುಂಡಗೆ ನಕಲು ಮಾಡುವವನು. ಆದರೂ ನಾವೆಲ್ಲ ಬಾಡಿಗೆಗಿದ್ದ ವಾಡೆಯ ಹೆಂಗಸರು ನನ್ನನ್ನು ಕೇಳಿಯೇ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದರು. ಹಪ್ಪಳ ಎರಡು ಸಲ ತೊಯ್ದ ಮೇಲೆ ಕೇಳುವುದನ್ನು ಬಿಟ್ಟರು.

ಕೂತಲ್ಲಿಯೇ ಲೋಕ ಸುತ್ತುವ ನೌಕರಿ ಅದು. ಆಫ್ರಿಕಾದ ಮರುಭೂಮಿಯಲ್ಲಿ ಮರಳು ಹೇಗೆ ಕಾಯುತ್ತದೆ, ಅಮೆರಿಕದಲ್ಲಿ ಸಾವಿನ ಕಣಿವೆ ಎಂದೇ ಹೆಸರಾದ ಬೆಂಗಾಡು ಎಂಥದು, ಹವಾಯಿ ದ್ವೀಪದ ಯಾವ ಬೆಟ್ಟ ವರ್ಷವಿಡೀ ತೊಯ್ಯುತ್ತದೆ, ಎಲ್ಲ ನನಗೆ ಗೊತ್ತು. ಊಟಕ್ಕೆ ಕೂತಾಗ ಮನೆಯವರಿಗೂ ಅದನ್ನೇ ಬಡಿಸುತ್ತಿದ್ದೆ. ಸೆಕೆಗೆ ನಮ್ಮ ಸಿಂಧದ ಜಾಕೋಬಾಬಾದ್, ಮಳೆಗೆ ನಮ್ಮ ಅಸ್ಸಾಮಿನ ಚಿರಾಪುಂಜಿ. ಇವೆರಡರ ಎದುರು ಲೋಕದ ಯಾವ ಊರೂ ಸುಲಭಕ್ಕೆ ನಿಲ್ಲಲಾರದು ಎಂದು ಬಹಳ ಅಭಿಮಾನದಿಂದ ಹೇಳುತ್ತಿದ್ದೆ. ದೇವರು ಕೇಳಿಸಿಕೊಂಡಿರಬೇಕು. ಮಗಳು ಸುಮತಿಗೆ ವರ ನೋಡತೊಡಗಿದಾಗ ಜಾತಕ ಕೂಡಿ ಬಂದದ್ದು ಇಬ್ಬರದೇ. ಒಬ್ಬ ಬೆಳಗಾವಿ ಕಡೆಯವನು, ಜಾಕೋಬಾಬಾದಿನಲ್ಲಿ ರೇಲ್ವೆ ಗುಮಾಸ್ತ. ಇನ್ನೊಬ್ಬ ಗದಗಿನ ಕಡೆಯವನು, ಚಿರಾಪುಂಜಿಯ ಅಂಚೆ ಕಚೇರಿಯಲ್ಲಿದ್ದ.

ನನ್ನ ವಿದ್ಯೆಗೆ ಕೊನೆಗೂ ಒಂದು ಉಪಯೋಗ ಬಂತಲ್ಲ ಎಂದು ನಾನು ಹಿಗ್ಗಿದೆ. ಹೆಂಡತಿಗೆ ಎರಡೂ ಊರುಗಳನ್ನು ತೂಗಿ ತೋರಿಸಿದೆ. ಜಾಕೋಬಾಬಾದಿನಲ್ಲಿ ಸಂಡಿಗೆ ಇಟ್ಟ ಕೈ ತೆಗೆಯುವುದರೊಳಗೆ ಒಣಗುತ್ತದೆ, ಆದರೆ ಗಂಟಲೂ ಒಣಗುತ್ತದೆ. ಚಿರಾಪುಂಜಿಯಲ್ಲಿ ಉಟ್ಟ ಸೀರೆ ಒಣಗುವುದಿಲ್ಲ, ಅಷ್ಟು ಮಳೆ. ಆದರೂ ಚಳಿಗಾಲದಲ್ಲಿ ಕುಡಿಯುವ ನೀರಿಗೆ ತತ್ವಾರ. ಅವಳು ಪೂರ್ತಿ ಕೇಳಿಕೊಂಡು, "ಒಂದು ಕಡೆ ಹುರಿಯೂದು, ಒಂದು ಕಡೆ ನೆನೆಸೂದು. ನನ್ನ ಮಗಳೇನು ಕಡ್ಲಿಕಾಳೇನ್ರಿ?" ಎಂದಳು. ಅವಳ ಕಣ್ಣು ತುಂಬಿತ್ತು, ನಾನು ನಗಲಿಲ್ಲ.

ವರರಿಬ್ಬರೂ ರಜೆಯ ಮೇಲೆ ಬಂದು, ಮೇ ತಿಂಗಳ ಒಂದೇ ವಾರದಲ್ಲಿ ಕನ್ಯೆ ನೋಡಲು ನಮ್ಮ ಮನೆಗೆ ಬಂದರು. ಜಾಕೋಬಾಬಾದಿನವನು ಗುಂಡಿ ಪೂರ್ತಿ ಹಾಕಿದ ಕೋಟಿನ ಮೇಲೆ ಕೊರಳಿಗೆ ಮಫ್ಲರನ್ನೂ ಸುತ್ತಿಕೊಂಡಿದ್ದ. ನಾವೆಲ್ಲ ಬೆವರಿನಲ್ಲಿ ಮೀಯುತ್ತಿರುವಾಗ, ಗಾಳಿ ತಣ್ಣಗಿದೆ, ಕಿಟಕಿ ಮುಚ್ಚಬಹುದೇ ಎಂದು ವಿನಯದಿಂದ ಕೇಳಿದ. ಹಚ್ಚಿದ ಅವಲಕ್ಕಿ ತಿಂದು, ಒಂದು ಹನಿ ಬೆವರದೆ ಎದ್ದುಹೋದ. ನನಗೆ ಬಹಳ ಹಿಡಿಸಿದ. ಚಿರಾಪುಂಜಿಯವನು ಮೋಡದ ಸುಳಿವಿಲ್ಲದ ದಿನ ಛತ್ರಿ ಹಿಡಿದು ಬಂದ. ಮೆಟ್ಟಿಲು ಹತ್ತುವುದರೊಳಗೆ ಅವನ ಅಂಗಿ ಹಿಂಡುವಷ್ಟು ತೊಯ್ದಿತ್ತು. ಪಾಪ ಎನಿಸಿ ನನ್ನ ಬೀಸಣಿಕೆಯನ್ನು ಅವನಿಗೆ ಕೊಟ್ಟೆ. ಅಷ್ಟರಲ್ಲಿ ಒಲೆಯ ಮುಂದಿನಿಂದ ಎದ್ದುಬಂದ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಹಣೆ ಒರೆಸಿಕೊಂಡಳು. ಅವನು ಎದ್ದು ಬೀಸಣಿಕೆಯನ್ನು ಅವಳ ಕೈಗಿತ್ತು, ಧೋತರದ ಚುಂಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತ. ನಿಮ್ಮ ಊರಲ್ಲಿ ವರ್ಷಕ್ಕೆ ಎಷ್ಟು ಇಂಚು ಮಳೆ ಎಂದು ನಾನು ಪರೀಕ್ಷೆ ಮಾಡಿದೆ. ಅವನಿಗೆ ಗೊತ್ತಿರಲಿಲ್ಲ. ಇಂಥವನಿಗೆ ಹೆಣ್ಣು ಕೊಡುವುದು ಹೇಗೆಂದು ಮನಸ್ಸಿನಲ್ಲಿಯೇ ಅವನನ್ನು ತೆಗೆದುಹಾಕಿದೆ.

ಸಂಜೆ ನನ್ನ ತೀರ್ಪು ಹೇಳಿದೆ: ಜಾಕೋಬಾಬಾದು. ಒಣ ಹವೆ ಆರೋಗ್ಯಕ್ಕೆ ಒಳ್ಳೆಯದು. ಮದುವೆಯ ಮಾತಿನಲ್ಲಿ ಹುಡುಗಿಯನ್ನು ಕೇಳುವ ಪದ್ಧತಿ ಆಗ ನಮ್ಮಲ್ಲಿ ಇರಲಿಲ್ಲ. ಆದರೆ ಹೆಂಡತಿ ಸೀದಾ ಹೋಗಿ ಸುಮತಿಯನ್ನು ಕೇಳಿದಳು. ಅಕ್ಕಿ ಆರಿಸುತ್ತಿದ್ದ ಅವಳು ಮೊರದಿಂದ ತಲೆ ಎತ್ತಲಿಲ್ಲ. "ಧಗಿ ಅವರಿಗೇ ಭಾಳ ಆಗಿತ್ತು. ಆದ್ರೂ ಬೀಸಣಿಕಿ ನಿನಗ ಕೊಟ್ರಲ್ಲವಾ" ಎಂದಳು.

ಸಹಾರಾದ ಸೆಕೆ ಬಲ್ಲ ನಾನು ನಮ್ಮ ಒಲೆಯ ಮುಂದಿನ ಸೆಕೆಯನ್ನು ಒಂದು ದಿನವೂ ವಿಚಾರಿಸಿರಲಿಲ್ಲ. ಆ ಬೀಸಣಿಕೆ ಮನೆಯಲ್ಲಿ ನನ್ನೊಬ್ಬನ ಸ್ವತ್ತಾಗಿತ್ತು. ಹವೆಯ ಮಾತು ಅಲ್ಲಿಗೇ ಮುಗಿಯಿತು. ಸುಮತಿ ಮಳೆಯ ಊರಿಗೆ ಹೋದಳು.

ಈಗಲೂ ಚಿರಾಪುಂಜಿಯ ಅಂಕಿ ನನ್ನ ಮೇಜಿಗೇ ಬರುತ್ತದೆ. ಮೊದಲು ಅಂಕಿ ದೊಡ್ಡದಾದಷ್ಟೂ ಪಕ್ಕದವರಿಗೆ ತೋರಿಸಿ ಸಂತೋಷಪಡುತ್ತಿದ್ದೆ. ಈಗ ಅದನ್ನು ಬರೆಯುವಾಗ ಸುಮತಿಯ ಕೂಸಿನ ದುಪ್ಪಟಿ ಒಣಗಿತೋ ಇಲ್ಲವೋ ಎಂಬ ಯೋಚನೆ ಬಂದು ಕೈ ನಿಲ್ಲುತ್ತದೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೆಂಡತಿ, ಇವತ್ತು ಅಲ್ಲಿ ಮಳೆ ಎಷ್ಟು ಎಂದು ಕೇಳುತ್ತಾಳೆ. ಕಚೇರಿಯಲ್ಲಿ ಒಂದು ಅಂಕಿಯನ್ನೂ ತಿದ್ದದ ನಾನು, ಹನಿಯೂ ಬಿದ್ದಿಲ್ಲ, ಒಳ್ಳೆ ಬಿಸಿಲು ಎಂದು ದಿನವೂ ಹೇಳುತ್ತ ಬಂದೆ. ಈ ಆಷಾಢದಲ್ಲಿ ಒಂದು ಸಂಜೆ ಅವಳು ಒಲೆಯ ಮುಂದೆ ಕೂತಿದ್ದಳು, ನಾನು ಬೀಸಣಿಕೆ ಬೀಸುತ್ತಿದ್ದೆ. ಅದೇ ಉತ್ತರ ಕೊಟ್ಟೆ.

"ಸುಳ್ಳು ಹೇಳಲಿಕ್ಕೂ ಬರೂದಿಲ್ಲ ನಿಮಗ" ಎಂದಳು, ರೊಟ್ಟಿ ತಿರುವುತ್ತ. "ಚಿರಾಪುಂಜಿಯೊಳಗ ಮಳೀನ ಇಲ್ಲಂದ್ರ ಯಾರು ನಂಬತಾರ? ನಾಳಿಂದ ಸ್ವಲ್ಪ ಸ್ವಲ್ಪ ಹೇಳ್ರಿ."

ಅಂದಿನಿಂದ ದಿನವೂ ಮನೆಗೆ ಒಂದು ಬೊಗಸೆ ಮಳೆ ತರುತ್ತೇನೆ. ಉಳಿದದ್ದನ್ನು ಕಚೇರಿಯಲ್ಲಿಯೇ ಬಿಟ್ಟುಬರುತ್ತೇನೆ.