ಗಟ್ಟಿಮೇಳಕ್ಕೆ ಆರು ಮೆಣಸು

ನನ್ನ ಮೈದುನ ಹಾಡು ಕೇಳುವುದಿಲ್ಲ, ಹಾಡಿನ ರುಚಿ ನೋಡುತ್ತಾನೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅವನು ನನ್ನ ದೇವರನಾಮಕ್ಕೇ ನಾಲ್ಕು ಮೆಣಸು ಕೊಡುವವರೆಗೆ ನಾನೂ ನಂಬಿರಲಿಲ್ಲ!

ಮದ್ರಾಸಿನ ಪುರಸೈವಾಕ್ಕಂನ ನಮ್ಮ ಹೋಟೆಲಿನಲ್ಲಿ ನಲವತ್ತು ವರ್ಷ ಸಾಂಬಾರಿನ ರುಚಿ ನೋಡಿದವನು ಅವನು. ಬೆಳಿಗ್ಗೆ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, "ಖಾರ ಮುಂದೆ ಬಂತು" ಎಂದನೋ, ಹಂಡೆ ಒಲೆಯಿಂದ ಇಳಿಯುವ ಹಾಗಿಲ್ಲ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಗಲಾಟೆ." ಹೆಂಡತಿಯ ಗಲಾಟೆ ಎಂದುಕೊಂಡು ನಾವು ನಗುತ್ತಿದ್ದೆವು. ಈಗ ಹೋಟೆಲು ಬಿಟ್ಟು ಅಣ್ಣಾ ನಗರದ ನಮ್ಮ ಮನೆಯಲ್ಲೇ ಇದ್ದಾನೆ. ಕೈಗೆ ಕೆಲಸವಿಲ್ಲ, ನಾಲಗೆ ಸುಮ್ಮನಿರಬೇಕಲ್ಲ?

ಮಗನ ಮಗಳು ಚಿನ್ನುವಿಗೆ ಏಳು ವರ್ಷ. ಸದ್ದಾದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ತೂರುತ್ತಾಳೆ. ಎರಡು ಏಟು ಬಿಟ್ಟರೆ ಸರಿಹೋಗುತ್ತಾಳೆ ಎಂದು ನಾನು ಹೇಳಿದ್ದುಂಟು. ಪೋರೂರಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, "ಕಿವಿ ಚೆನ್ನಾಗಿದೆ. ನಮಗೆ ಬರೀ ಮುಟ್ಟುವ ಸದ್ದು ಈ ಮಗುವಿಗೆ ಹೊಡೆಯುತ್ತದೆ" ಎಂದರು. ಅವತ್ತೇ ಮೈದುನ ಒಂದು ಕೆಂಪು ಪೆನ್ನು ತಂದ. ಮನೆಯಲ್ಲಿ ಸದ್ದು ಮಾಡುವ ಪ್ರತಿಯೊಂದರ ಮೇಲೂ ಮೆಣಸಿನಕಾಯಿಯ ಚಿತ್ರ! ಟಿವಿಗೆ ಮೂರು. ಬಾಗಿಲ ಬೆಲ್ಲಿಗೆ ಐದು, ಐದೇ ಕೊನೆ. ಚಿನ್ನುವಿಗೆ ಯಾವ ಹಾಡು ಕೇಳಿಸಬೇಕಾದರೂ ಮೊದಲು ಅವನು ಕಣ್ಣು ಮುಚ್ಚಿ ಕೇಳಿ, ತುಟಿ ಚಪ್ಪರಿಸಿ, ಖಾರ ಹೇಳಬೇಕು.

ಆಗಲೇ ನನ್ನ ಹಾಡಿಗೆ ನಾಲ್ಕು ಬಿತ್ತು. ಮಿಕ್ಸಿಗೆ ಎಷ್ಟು ಗೊತ್ತೇ? ಅರ್ಧ!

"ಮಿಕ್ಸಿಗಿಂತ ಕಡೆಯಾ ನಾನು?" ಎಂದು ನಾನು ಸೌಟು ಕೆಳಗಿಟ್ಟೆ.

"ಮಿಕ್ಸಿ ಸ್ವಿಚ್ಚು ಅವಳೇ ಒತ್ತುದು ಅತ್ತಿಗೆ. ಸದ್ದು ಯಾವಾಗ ಬರ್ತದೆ ಅಂತ ಅವಳಿಗೆ ಗೊತ್ತುಂಟು. ನೀವು ಮೆತ್ತಗೆ ಹಾಡ್ತಾ ಹಾಡ್ತಾ ಒಮ್ಮೆಲೇ 'ಕೃಷ್ಣಾ' ಅಂತ ಕಿರುಚ್ತೀರಿ. ಮೊಸರನ್ನದಲ್ಲಿ ಹಸಿಮೆಣಸು ಕಚ್ಚಿದ ಹಾಗೆ ಆಗ್ತದೆ."

"ಅದು ಭಕ್ತಿ, ಮಾರಾಯ!"

"ಭಕ್ತಿಗೂ ಖಾರ ಉಂಟು."

ಎರಡು ದಿನ ನಾನು ಅವನಿಗೆ ಬಡಿಸಲಿಲ್ಲ.

ಅಷ್ಟರಲ್ಲಿ ಕಿರಿಮಗಳ ಮದುವೆ ಗೊತ್ತಾಯಿತು. ಸೀರೆಗೆಂದು ಹೋದರೆ ಅಂಗಡಿಯ ಬಾಗಿಲಲ್ಲೇ ಆಳೆತ್ತರದ ಸ್ಪೀಕರು. ಚಿನ್ನು ಆಟೋದಿಂದ ಇಳಿಯಲೇ ಇಲ್ಲ. ಈ ಮಹಾರಾಯ ಪಕ್ಕದಿಂದ ಒಂದು ಲೋಟ ಕಾಫಿ ತಂದು ಸ್ಪೀಕರಿನ ಮುಂದೆ ಹಿಡಿದು ನಿಂತ. "ನೋಡಿ ಅತ್ತಿಗೆ, ನೊರೆ ನಡುಗ್ತದೆ! ಐದು!" ಬಂದವರೆಲ್ಲ ಅವನನ್ನು ಸುತ್ತಿಕೊಂಡು ಲೋಟ ನೋಡತೊಡಗಿದರು, ಒಳಗೆ ಹೋಗುವವರೇ ಇಲ್ಲ! ಮ್ಯಾನೇಜರು ಓಡಿಬಂದು ಕೈಮುಗಿದು ಸ್ಪೀಕರು ಆರಿಸಿದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಚಿನ್ನು ಮಾತ್ರ ಒಳಗೆ ಬಂದು ಅತ್ತೆಯ ಧಾರೆಸೀರೆಯನ್ನು ತಾನೇ ಆರಿಸಿದಳು.

ಸೀರೆಯೇನೋ ಆಯಿತು, ಗಟ್ಟಿಮೇಳಕ್ಕೆ ಏನು ಮಾಡುವುದು? ಕರಿಮಣಿ ಕಟ್ಟುವಾಗ ಒಂದು ಸೀನು, ಒಂದು ಕೆಟ್ಟ ಮಾತು ಕಿವಿಗೆ ಬೀಳಬಾರದೆಂದೇ ಡೋಲು, ನಾದಸ್ವರ ಒಟ್ಟಿಗೆ ಸಿಡಿಯಬೇಕು.

"ಆ ಐದು ನಿಮಿಷ ಮಗುವನ್ನು ಪಕ್ಕದ ಮನೆಯಲ್ಲಿ ಬಿಡುವ" ಎಂದೆ ನಾನು.

"ಚಿನ್ನು ಪಕ್ಕದಲ್ಲಿ ಇಲ್ಲದಿದ್ರೆ ನಾನು ಹಸೆ ಮೇಲೆ ಕೂರೂದಿಲ್ಲ" ಎಂದಳು ಮಗಳು.

"ನಾನ್ ವರಲೆ" ಎಂದಿತು ಮಂಚದ ಕೆಳಗಿನಿಂದ ತಮಿಳು. ಬರುವುದಿಲ್ಲವಂತೆ!

ಮೈದುನ ಏನು ಮಾಡಿದ? ಡೋಲು ಬಾರಿಸುವ ವಿದ್ವಾಂಸರನ್ನು ಮನೆಗೇ ಕರೆದುಕೊಂಡು ಬಂದು ತಾರಸಿಯ ಮೇಲೆ ಗಟ್ಟಿಮೇಳ ಹಾಕಿಸಿದ! ಅಕ್ಕಪಕ್ಕದವರು ನಮ್ಮ ಮನೆಯಲ್ಲಿ ಕದ್ದು ಮದುವೆ ನಡೆಯುತ್ತಿದೆ ಎಂದುಕೊಂಡು ಹೊಸ್ತಿಲಿಗೆ ಬಂದರು. ಇವನು ಕಣ್ಣೀರು ಸುರಿಸುತ್ತ, "ಆರು ಮೆಣಸು" ಎಂದ. ಐದರ ಮೇಲೆ ಆರು! ವಿದ್ವಾಂಸರು ಅದನ್ನು ಬಿರುದು ಎಂದುಕೊಂಡು ನಮಸ್ಕಾರ ಮಾಡಿದರು.

"ಸ್ವಲ್ಪ ಮೆಲ್ಲಗೆ ಆಗ್ತದಾ?"

"ಮೆಲ್ಲಗೆ ಬಾರಿಸಿದರೆ ಅದು ಗಟ್ಟಿಮೇಳವಾ ಸಾರ್? ಹೆಣ್ಣಿನ ಮನೆಯವರು ಕೈ ಎತ್ತಿದ ಕೂಡಲೇ ಸಿಡಿಯಬೇಕು."

"ಕೈ ಎತ್ತುವವರೆಗೆ?"

"ಒಂದು ತಟ್ಟೂ ಇಲ್ಲ."

ಮೈದುನ ಮಂಚದ ಕೆಳಗೆ ಬಗ್ಗಿ ಹೇಳಿದ, "ಚಿನ್ನು, ಇದಕ್ಕೂ ಒಂದು ಸ್ವಿಚ್ಚು ಉಂಟು ನೋಡು. ನೀನೇ ಒತ್ತು."

ಮನೆಯ ಹಿರಿಯರು ಎತ್ತುವ ಕೈ ಏಳು ವರ್ಷದ ಹುಡುಗಿಗೆ! "ಮದುವೆಯಾ, ಸರ್ಕಸ್ಸಾ? ಬೀಗಿತ್ತಿ ಎಂತ ಹೇಳ್ತಾಳೆ?" ಎಂದು ಕೂಗಾಡಿದೆ. ನನಗೆ ಮತ್ತೆ ನಾಲ್ಕು ಮೆಣಸು.

ಮದುವೆಯ ದಿನ ಪುರೋಹಿತರು "ಆಗಲಿ" ಎಂದರು. ಅಳಿಯ ಕರಿಮಣಿ ಹಿಡಿದು ಕಾದ. ಮಂಟಪವೆಲ್ಲ ಚಿನ್ನುವನ್ನೇ ನೋಡುತ್ತಿದೆ. ಅವಳ ಕೈ ಏಳಲಿಲ್ಲ! ಬೀಗಿತ್ತಿಯ ಮುಖ ಕಪ್ಪಾಯಿತು. ಮುಹೂರ್ತ ಜಾರುತ್ತಿದೆ. ನಾನೇ ಕೈ ಎತ್ತಿಬಿಡೋಣ ಎಂದುಕೊಂಡೆ.

ಚಿನ್ನು ಪುರೋಹಿತರನ್ನು ನೋಡಲಿಲ್ಲ, ಮದುಮಕ್ಕಳನ್ನೂ ನೋಡಲಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ನನ್ನ ಮೈದುನನ ಕಡೆಗೆ ತಿರುಗಿದಳು.

"ತಾತಾ, ರೆಡಿಯಾ?"

ಆಗ ನೋಡಿದೆ ನಾನು. ಅವನ ಎರಡೂ ಕಿವಿಯಲ್ಲಿ ಹತ್ತಿ, ಒಂದು ಕೈ ಕಂಬವನ್ನು ಬಿಗಿಯಾಗಿ ಹಿಡಿದಿದೆ. ಹೋಟೆಲಿನ ರುಬ್ಬುವ ಯಂತ್ರದ ಪಕ್ಕದಲ್ಲಿ ನಲವತ್ತು ವರ್ಷ ಅದೇ ಹತ್ತಿಯನ್ನು ನೋಡಿದ್ದೆ, ಶೀತಕ್ಕೆ ಎಂದುಕೊಂಡಿದ್ದೆ. ನನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಅವನು ಕಾಣದೆ, ಕೊನೆಗೆ ಉಗ್ರಾಣದ ಅಕ್ಕಿ ಮೂಟೆಗಳ ಹಿಂದೆ ಸಿಕ್ಕಿದ್ದ, ಹತ್ತು ವರ್ಷದವನು. ಅಪಶಕುನ ಎಂದು ಮಾವ ಎಲ್ಲರೆದುರು ಕೆನ್ನೆಗೆ ಬಾರಿಸಿದ್ದರು. ಹೊಸ ಮದುಮಗಳಾದ ನಾನು ನಕ್ಕಿದ್ದೆ. ಆಮೇಲಿನ ಯಾವ ಮದುವೆಯಲ್ಲೂ ಧಾರೆಯ ಹೊತ್ತಿಗೆ ಅವನು ಮಂಟಪದಲ್ಲಿ ಇರಲಿಲ್ಲ. ಅಡುಗೆಮನೆಯಲ್ಲಿ ಸಾಂಬಾರು ನೋಡುತ್ತಿದ್ದಾನೆ ಎನ್ನುತ್ತಿದ್ದೆವು.

ಅವನು ತಲೆಯಾಡಿಸಿದ. ಚಿನ್ನು ಕೈ ಎತ್ತಿದಳು.

ಮೇಳ ಸಿಡಿಯಿತು. ಎಲ್ಲರೂ ಮದುಮಕ್ಕಳ ಮೇಲೆ ಅಕ್ಷತೆ ಎರಚಿದರು. ನನ್ನ ಹಿಡಿಯಲ್ಲಿದ್ದ ಅಕ್ಷತೆಯನ್ನು ನಾನು ಅವನ ತಲೆಯ ಮೇಲೆ ಹಾಕಿಬಿಟ್ಟೆ.