ಅಜ್ಜಿಯ ಲೆಕ್ಕಕ್ಕೆ ಹೋದ ಹಾಡು

ಪದದಣ್ಣ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ಜನ ಎದ್ದು ಹೋಗದಿರಲಿ ಅಂತ.

ಹಳೆಯ ಜನಪದ ಹಾಡುಗಳನ್ನು ಸೊಗಸಾಗಿ ಹಾಡುತ್ತಿದ್ದುದರಿಂದ ಬೀದಿಯವರು ಅವನನ್ನು ಹಾಗೆ ಕರೆಯುತ್ತಿದ್ದರು. ನಡುನಡುವೆ ತಾನೇ ಕಟ್ಟಿದ ಹಾಡನ್ನೂ ಸೇರಿಸುವ ಚಪಲ ಅವನಿಗೆ. ಆದರೆ "ಇದು ನನ್ನದೇ ರಚನೆ" ಅಂದ ಕೂಡಲೇ ಮುಂದಿನ ಸಾಲಿನವರಿಗೆ ಕೆಮ್ಮು ಬರುತ್ತಿತ್ತು, ಹಿಂದಿನ ಸಾಲಿನವರಿಗೆ ಮನೆ ನೆನಪಾಗುತ್ತಿತ್ತು. ಒಂದು ಸಲ ಬೇಸತ್ತು, "ಇದು ನಮ್ಮಜ್ಜಿ ಹೇಳಿಕೊಟ್ಟ ಬಹಳ ಹಳೇ ಹಾಡು" ಅಂದುಬಿಟ್ಟ. ಅವನಜ್ಜಿ ಜೀವಮಾನದಲ್ಲಿ ಹಾಡಿದವಳಲ್ಲ, ಬೈದವಳು. ಆದರೂ ಎದ್ದವರು ಕುಳಿತರು, ಕುಳಿತವರು ಕಣ್ಣೊರೆಸಿಕೊಂಡರು. ಅಂದಿನಿಂದ ‘ಹೊಳೆ ದಾಟಿದವಳೇ’ ಎಂಬ ಆ ಹಾಡು ಎಲ್ಲರ ಬಾಯಲ್ಲೂ ಓಡಾಡತೊಡಗಿತು.

ಈಗ ರೇಡಿಯೋದವರು ಸ್ವಂತ ಹಾಡು ಕಟ್ಟುವವರನ್ನು ಹುಡುಕಿಕೊಂಡು ಬಂದಿದ್ದರು. ‘ರಚನೆ’ ಅಂತ ಹೇಳಿ, ಅದರ ಹಿಂದೆ ತನ್ನ ಹೆಸರು ಹೇಳುವುದನ್ನು ಒಂದು ಸಲ ಕಿವಿಯಾರೆ ಕೇಳಬೇಕು. ಪದದಣ್ಣನಿಗೆ ಬದುಕಿನಲ್ಲಿ ಬೇರೆ ಆಸೆಯಿರಲಿಲ್ಲ. ಬೆಳಿಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು, ಕೂತರೆ ಸುಕ್ಕಾದೀತೆಂದು ನಿಂತೇ ಇದ್ದ.

ರೇಡಿಯೋ ಮೇಡಂ ಅವನ ಮನೆಯಲ್ಲೇ ಕೂತು ‘ಹೊಳೆ ದಾಟಿದವಳೇ’ ಕೇಳಿ ತಲೆದೂಗಿದರು. "ತುಂಬ ಚೆನ್ನಾಗಿದೆ. ಆದ್ರೆ ಹೋದ ಸಲ ಒಬ್ಬರು ಹಳೇ ಹಾಡನ್ನೇ ತಮ್ಮದು ಅಂತ ಹಾಡಿ ನಮ್ಮ ಮಾನ ತೆಗೆದ್ರು. ಅಕ್ಕಪಕ್ಕದವರನ್ನ ಒಂದು ಮಾತು ಕೇಳಿಬಿಡ್ತೀನಿ."

ಕೇಳುವ ಮೊದಲೇ ಅಕ್ಕಪಕ್ಕದವರು ಒಳಗೆ ಬಂದಾಗಿತ್ತು. ಚಿಕ್ಕಂದಿನಿಂದ ಪದದಣ್ಣನ ಜತೆ ಆಡಿ ಬೆಳೆದ ಕ್ಷೌರದಂಗಡಿಯವನು ಬಾಗಿಲಿಗೆ ಒರಗಿದ. ನಿವೃತ್ತ ಮೇಷ್ಟ್ರು ಇದ್ದ ಒಂದೇ ಒಳ್ಳೆಯ ಕುರ್ಚಿ ಹಿಡಿದರು.

"ಈ ಹಾಡಾ?" ಅಂದ ಕ್ಷೌರದವನು. "ನಮ್ಮಪ್ಪ ಕತ್ತರಿ ಆಡಿಸ್ತಾ ಇದನ್ನೇ ಗುನುಗ್ತಿದ್ರು."

"ಅಲ್ಲಯ್ಯ, ಇದರ ಮೊದಲ ಸಾಲು ಹೊಳೆದದ್ದೇ ನಿನ್ನ ಅಂಗಡೀಲಿ. ಅರ್ಧ ಗಡ್ಡ ಬಿಟ್ಟು ಎದ್ದು ಓಡಿದ್ದೆ, ಮರೆತುಬಿಟ್ಯಾ?"

"ನೀನು ಓಡಿದ್ದು ನೆನಪಿದೆ. ಹಾಡು ಮಾತ್ರ ನಮ್ಮಪ್ಪನ ಕಾಲದ್ದು."

ಮೇಷ್ಟ್ರು ಕೆಮ್ಮಿದರು. "ಇದು ಬಹು ಪ್ರಾಚೀನ. ಇವನು ಹಾಡೋದು ಅರ್ಧ ಮಾತ್ರ. ಕಳೆದುಹೋದ ನುಡಿ ನನ್ನ ಹತ್ರ ಇದೆ." ಕಣ್ಣು ಮುಚ್ಚಿ ಹಾಡಿಯೇಬಿಟ್ಟರು:

‘ಹೆಜ್ಜೆ ತುಂಬ ನೀರು ನಿಂತು
ಚಂದ್ರ ಬಿದ್ದನಲ್ಲೇ’

ಪದದಣ್ಣನ ಹೊಟ್ಟೆ ಉರಿಯಿತು. ಸಾಲು ಅವನದಕ್ಕಿಂತ ಚೆನ್ನಾಗಿತ್ತು.

ಕೊನೆಗೆ ಅವನು ಅಡುಗೆಮನೆಯಿಂದ ಅಮ್ಮನನ್ನು ಕರೆದ. ಈ ಹಾಡಿಗೆ ಪದ ಸಿಗದೆ ಅವನು ಬಡಿದು ನೆಗ್ಗಿಸಿದ ಪಾತ್ರೆಗಳಲ್ಲೇ ಆಕೆ ಈಗಲೂ ಅಡುಗೆ ಮಾಡುತ್ತಿದ್ದಳು. ಆಕೆಗಿಂತ ದೊಡ್ಡ ಸಾಕ್ಷಿ ಯಾರು?

"ಅಮ್ಮಾ, ಇದು ಯಾರ ಹಾಡು? ಇದ್ದದ್ದು ಇದ್ದ ಹಾಗೆ ಹೇಳು."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ನನ್ನ ಮಗ ಸುಳ್ಳು ಹೇಳೋನಲ್ಲ, ತಾಯಿ. ಅಜ್ಜಿ ಹಾಡು ಅಂತ ಎಲ್ಲಾ ಕಡೆ ಹೇಳಿಕೊಂಡು ಬಂದಿದ್ದಾನೆ ಅಂದ್ಮೇಲೆ ಅದು ಅಜ್ಜಿ ಹಾಡೇ." ಮಗನ ಮಾನ ಉಳಿಸಿದ ಸಂತೋಷ ಆಕೆಯ ಮುಖದಲ್ಲಿ ಉಕ್ಕುತ್ತಿತ್ತು.

ಮೇಡಂ ನಿಟ್ಟುಸಿರುಬಿಟ್ಟರು. "ಇದನ್ನ ನಮ್ಮ ಹಳೇ ಹಾಡುಗಳ ಕಾರ್ಯಕ್ರಮಕ್ಕೆ ಮೇಷ್ಟ್ರು ಹಾಡಲಿ, ಪೂರ್ತಿ ಬರೋದು ಅವರಿಗೇ ತಾನೆ. ನೀವೂ ಅದಕ್ಕೇ ಬೇರೆ ಒಂದು ಹಾಡಿ. ನಿಜವಾಗ್ಲೂ ಹಳೇದು."

ಪದದಣ್ಣನಿಗೆ ಅಳು ಬರುವಂತಾಗಿತ್ತು. ಆದರೂ ರೇಡಿಯೋ ರೇಡಿಯೋನೇ. ತನ್ನ ಬತ್ತಳಿಕೆಯಲ್ಲೇ ಅತಿ ಹಳೆಯದನ್ನು ತೆಗೆದ:

‘ಮೂರು ಕಾಲಿನ ಕುದುರೆ ಏರಿ
ನಿದ್ದೆಯೂರಿಗೆ ಹೋಗೋಣ ಬಾ’

ಹಾಡಿ ಮುಗಿಸಿ, ವೇದಿಕೆಯಲ್ಲಿ ಹೇಳುವಂತೆ ಅರ್ಥವನ್ನೂ ವಿವರಿಸಿದ. "ಮೂರು ಕಾಲು ಅಂದ್ರೆ ಭೂತ, ಭವಿಷ್ಯ, ವರ್ತಮಾನ. ಕುದುರೆ ಅಂದ್ರೆ ನಮ್ಮ ಮನಸ್ಸು. ನಿದ್ದೆಯೂರು ಅಂದ್ರೆ..."

ಅಮ್ಮ ಕಿಸಕ್ಕನೆ ನಕ್ಕಳು. "ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅದು ನಿನ್ನ ಮರದ ಕುದುರೆ ಕಣೋ. ಕಾಲು ಮುರೀತು ಅಂತ ಮಲಗದೆ ರಂಪ ಮಾಡ್ತಿದ್ದೆ. ಸುಮ್ಮನಾಗಿಸೋಕೆ ನಾನೇ ಕಟ್ಟಿ ಹಾಡಿದ್ದು."

ಮೇಡಂ ನೆಟ್ಟಗೆ ಕುಳಿತರು. "ನೀವೇ ಕಟ್ಟಿದ್ದಾ ಅಮ್ಮ? ಸಾಕ್ಷಿ ಇದೆಯಾ?"

"ನಾನಿದ್ದೀನಲ್ಲ," ಅಂದ ಕ್ಷೌರದವನು. "ಆ ಕುದುರೆ ಕಾಲು ಮುರಿದೋನೇ ನಾನು. ಅಮ್ಮ ನನ್ನೆದುರಿಗೇ ಹಾಡು ಕಟ್ಟಿದ್ರು."

"ಭಾಷೆ ನೋಡಿದರೇ ಗೊತ್ತಾಗುತ್ತೆ," ಅಂದರು ಮೇಷ್ಟ್ರು. "ತೀರಾ ಇತ್ತೀಚಿನದು."

ಮೈಕು ಅಮ್ಮನ ಮುಂದೆ ಬಂತು. ಆಕೆ ನಾಚಿಕೊಂಡು ಸೆರಗು ಹೊದ್ದಳು. ಒಬ್ಬರೇ ಹಾಡಿದರೆ ಬಣಬಣ ಅನಿಸುತ್ತದೆಂದು ಮೇಡಂ ಪದದಣ್ಣನ ಕೈಗೆ ತಾಳ ಕೊಟ್ಟು ಹಿಂದೆ ಕೂರಿಸಿದರು. ಇಸ್ತ್ರಿ ಅಂಗಿ ಸುಕ್ಕಾಯಿತು.

"ರಚನೆ ಮತ್ತು ಗಾಯನ..." ಎಂದು ಮೇಡಂ ಶುರುಮಾಡಿದರು. ಪದದಣ್ಣನ ಕಿವಿ ತಾನಾಗಿಯೇ ನಿಮಿರಿತು. ಅಮ್ಮನ ಹೆಸರು ಕೇಳಿಸಿತು. ಅವನು ತಾಳ ಹಾಕಿದ.

ಅಮ್ಮ ಅರ್ಧಕ್ಕೇ ಹಾಡು ನಿಲ್ಲಿಸಿ ಹಿಂದೆ ತಿರುಗಿದಳು.

"ಸ್ವಲ್ಪ ಮೆಲ್ಲಗೆ ಹಾಕಪ್ಪ. ಸಾಹಿತ್ಯ ಕೇಳಿಸಬೇಕು."