ಗಾಡಿಗೆ ಸೇರಿದ ಗಾಳಿ

ಸಪಾಟು ರಸ್ತೆಯಲ್ಲಿ ಮಾಬ್ಲನ ಪೆಟ್ರೋಲ್ ಪಿಕಪ್ಪಿಗೆ ಯಾವ ದುಃಖವೂ ಇರಲಿಲ್ಲ. ಕುಮಟಾದಿಂದ ತದಡಿಗೆ ಹೋಗುವ ದಾರಿಯಲ್ಲಿ ಮೂರುಕಲ್ಲಿನ ಏರು ಎದುರಾದಾಗ ಮಾತ್ರ ಅದಕ್ಕೆ ತನ್ನ ಅಸ್ತಿತ್ವದ ಬಗ್ಗೆಯೇ ಸಂಶಯ ಹುಟ್ಟುತ್ತಿತ್ತು. ಅರ್ಧ ಏರಿ, ಮರೆತ ಸಾಲನ್ನು ವೇದಿಕೆಯ ಮೇಲೆ ಹುಡುಕುವ ಕವಿಯಂತೆ ಕೆಮ್ಮಿ, ನಿಂತುಬಿಡುತ್ತಿತ್ತು. ಅದು ಹೊರುತ್ತಿದ್ದುದು ಮಂಜುಗಡ್ಡೆ. ಮಂಜುಗಡ್ಡೆಗೆ ಕಾಯುವ ಗುಣವಿಲ್ಲ.

ಮಳೆಗಾಲ ಮುಗಿದು ಬೋಟುಗಳು ಕಡಲಿಗೆ ಇಳಿಯತೊಡಗಿದ ವಾರ, ಐಸ್ ಫ್ಯಾಕ್ಟರಿಯ ಕಮಲಾಕರ ಕಾಮತರು ಮಾಬ್ಲನನ್ನು ಕರೆಸಿ ಕೊನೆಯ ಮಾತು ಹೇಳಿದ್ದರು. "ಗುರುವಾರ ನಾನೇ ನಿನ್ನ ಸಂಗಡ ಕೂತ್ಕಂಡು ಬತ್ತೆ. ಹನ್ನೊಂದರ ಒಳಗೆ ಐಸು ತದಡಿ ಬೋಟಿಗೆ ಏರಬೇಕು. ಏರ್ತು ಅಂದ್ರೆ ಇಡೀ ಸೀಜನ್ನು ನಿಂದೇ. ಇಲ್ಲಾಂದ್ರೆ ಡೀಸೆಲ್ ಗಾಡಿಯವ ಕಾಯ್ತಾ ಅವ್ನೆ."

ಹೀಗಾಗಿ ಬುಧವಾರ ಮಾಬ್ಲ ಭಟ್ಕಳಕ್ಕೆ ಹೋದ. ಅಲ್ಲಿ ಹೆದ್ದಾರಿಯ ಪಕ್ಕ, ಹುಣಸೆ ಮರದ ನೆರಳಿನಲ್ಲಿ ಇಲಿಯಾಸ್ ಭಾಯ್‌ನ ಗ್ಯಾರೇಜು. ಗಾಡಿಯ ಕೆಮ್ಮನ್ನು ವೈದ್ಯನ ಗಾಂಭೀರ್ಯದಿಂದ ಆಲಿಸಿ ಇಲಿಯಾಸ್ ಹೇಳಿದ: "ತಾಕತ್ತು ಇದೆ ಇದಕ್ಕೆ, ಉಸಿರಿಲ್ಲ. ಟರ್ಬೊ ಕೂರಿಸ್ತೇನೆ. ಹೊರಗೆ ಹೋಗೋ ಹೊಗೆ ಒಂದು ಸಣ್ಣ ಚಕ್ರ ತಿರುಗಿಸ್ತದೆ, ಆ ಚಕ್ರ ಹೊರಗಿನ ಗಾಳಿಯನ್ನ ಒಳಗೆ ದಬ್ಬತದೆ. ಗಾಳಿ ಸೇರಿದ್ರೆ ಆತು, ಏರೆಲ್ಲ ನಿಂಗೆ ಬಯಲು."

ಸಂಜೆಯ ಹೊತ್ತಿಗೆ ಕೆಲಸ ಮುಗಿಯಿತು. ಕ್ಯಾಬಿನ್ನಿನ ಹಿಂದೆ, ಗಾಳಿ ಎಳೆಯಲು, ಆನೆಯ ಸೊಂಡಿಲಿನಂಥ ಒಂದು ಕೊಳವೆ ಬಂದಿತ್ತು. ಚಾವಿ ಕೊಡುವಾಗ ಇಲಿಯಾಸ್ ಕೈ ಹಿಡಿದು ನಿಲ್ಲಿಸಿದ. "ಒಂದು ನೆನಪಿಡು. ನಿಲ್ಲಿಸಿದ ಕೂಡ್ಲೆ ಇಂಜಿನ್ ಬಂದ್ ಮಾಡಬೇಡ. ಎರಡು ನಿಮಿಷ ಸುಮ್ನೆ ಓಡ್ಲಿ. ಅಷ್ಟು ಜೋರು ತಿರುಗಿದ ಚಕ್ರ ತಣೀಬೇಕಲ್ಲ. ಮನುಷ್ಯರಿಗೂ ಬೇಕಾಗ್ತದೆ."

ಗುರುವಾರ ಬೆಳಗ್ಗೆ ಮಾಬ್ಲ ಗಾಡಿಯನ್ನು ಒಂದು ಸುತ್ತು ಓಡಿಸಿ ಕುಮಟಾದ ತನ್ನ ಮನೆಯಂಗಳಕ್ಕೆ ತಂದು, ಉಪದೇಶದಂತೆ ಅದನ್ನು ಓಡಲು ಬಿಟ್ಟು, ಚಾ ಕುಡಿಯಲು ಒಳಗೆ ಹೋದ. ಆಗಲೇ ಪಕ್ಕದ ಮನೆಯ ಪರಮಕ್ಕ ಬೇಲಿಯ ಬಳಿ ಬಂದದ್ದು. ಊರಿನ ಯಾವ ಮನೆಯ ಕಷ್ಟವೂ ತನ್ನನ್ನು ದಾಟಿ ಹೋಗದಂತೆ ನೋಡಿಕೊಳ್ಳುವ ಹೆಂಗಸು ಅವಳು. ಚಾಲಕನಿಲ್ಲದ ಗಾಡಿ ತಾನಾಗಿ ಗುರುಗುಡುತ್ತಿದೆ. ಒಳಗಿನಿಂದ ಸುಂಯ್ ಎಂಬ ಸಿಳ್ಳು.

"ಲಕ್ಷ್ಮೀ, ಎಂತ ಆತೇ ಇದಕ್ಕೆ?"

ಅಂಗಳ ಗುಡಿಸುತ್ತಿದ್ದ ಮಾಬ್ಲನ ಹೆಂಡತಿ ಹೆಮ್ಮೆಯಿಂದ ಹೇಳಿದಳು: "ಗಾಳಿ ಸೇರ್ಯದೆ ಪರಮಕ್ಕ."

"ಗಾಳಿ ಸೇರ್ತಾ! ಎಲ್ಲಿ?"

"ಭಟ್ಕಳದಲ್ಲಿ. ಹುಣಸೆ ಮರದ ಬುಡಕ್ಕೆ."

"ಹಾಂಗೆ ಹೇಳು! ಹುಣಸೆ ಮರ ಯಾರನ್ನ ಬಿಟ್ಟದೆ? ಬಿಡಿಸೂಕೆ ಆಗ್ತದನಾ?"

"ಬಿಡಿಸೂದೆಂತಕ್ಕೆ? ಇನ್ನು ಗಾಡಿ ಇರೂವರೆಗೂ ಅದು ಒಳಗೇ ಇರ್ತದಂತೆ. ಏರಲ್ಲಿ ಅದೇ ದಬ್ಬತದಂತೆ. ಹನ್ನೊಂದಕ್ಕೆಲ್ಲ ತದಡಿ ಮುಟ್ತದಂತೆ."

ಪರಮಕ್ಕ ಮುಂದೆ ಕೇಳಲಿಲ್ಲ. ಹೊಸ ಕಾಲದ ಹುಡುಗಿಯರಿಗೆ ಭಯ ಯಾವುದು, ಭಾಗ್ಯ ಯಾವುದು ತಿಳಿಯುವುದಿಲ್ಲ ಎಂದುಕೊಂಡಳು. ಒಳಗೆ ಹೋಗಿ ಉಪ್ಪು, ಸಾಸಿವೆ, ಒಣಮೆಣಸನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು. ಗಾಡಿಗೆ ಮೂರು ಸಲ ನಿವಾಳಿಸಿದಳು. ಗಾಳಿ ಬರುವ ಬಾಯಿ ಇದೇ ಇರಬೇಕೆಂದು ಗಂಟನ್ನು ಆ ಸೊಂಡಿಲಿನ ಹತ್ತಿರ ಹಿಡಿದದ್ದಷ್ಟೇ, ಗಾಡಿ ಅದನ್ನು ಸುರ್ರನೆ ಎಳೆದು ನುಂಗಿತು. ಪರಮಕ್ಕ ಖಾಲಿ ಕೈಯನ್ನು ನೋಡಿಕೊಂಡಳು. ಆಮೇಲೆ ಸೊಂಟದ ಮೊಬೈಲು ತೆಗೆದು, ತದಡಿ ಬಂದರಿನಲ್ಲಿರುವ ಅಳಿಯ ಉಮೇಶನಿಗೆ ಫೋನು ಹಚ್ಚುತ್ತ ಮನೆಯೊಳಕ್ಕೆ ಓಡಿದಳು.

ಇದಾವುದನ್ನೂ ಅರಿಯದ ಮಾಬ್ಲ ಮಂಜುಗಡ್ಡೆ ತುಂಬಿಸಿಕೊಂಡು, ಕಾಮತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಕಾಮತರ ತೊಡೆಯ ಮೇಲಿನ ಫೋನಿನಲ್ಲಿ ಡೀಸೆಲ್ ಗಾಡಿಯವನ ನಂಬರು ಸಿದ್ಧವಾಗಿತ್ತು. ಆದರೆ ಏರಿನ ಬುಡ ಮುಟ್ಟುವ ಹೊತ್ತಿಗೆ ಗಾಡಿಯ ಉಸಿರು ಕಟ್ಟತೊಡಗಿತು. ಹಿಂದೆಂದಿಗಿಂತ ಹೀನವಾಗಿ, ಗಂಟಲಲ್ಲಿ ಮುಳ್ಳು ಸಿಕ್ಕಿದ ಬೆಕ್ಕಿನಂತೆ ಅದು ನರಳಿತು.

"ಎಂತನಾ ಇದು? ಏರು ಇನ್ನೂ ಶುರುವೇ ಆಗಲಿಲ್ಲ!" ಕಾಮತರ ಹೆಬ್ಬೆರಳು ಫೋನಿನತ್ತ ಸರಿಯಿತು.

"ಹಗ್ಗ ಸಡ್ಲ ಆಗ್ಯದೆ ಕಾಮತ್ರೆ, ಒಂದೇ ನಿಮಿಷ!" ಎಂದು ಮಾಬ್ಲ ಹಾರಿ ಇಳಿದ. ಕೊಳವೆಯೊಳಗೆ ಕೈ ಹಾಕಿದ. ಒಂದು ಕೆಂಪು ಗಂಟು ಸಿಕ್ಕಿತು. ಮೂಸಿದ. ಸಾಸಿವೆ, ಒಣಮೆಣಸು. ಇದು ಇಲಿಯಾಸ್ ಭಾಯ್ ಹಾಕುವ ಸಾಮಾನಲ್ಲ. ಯೋಚಿಸಲು ಹೊತ್ತಿರಲಿಲ್ಲ, ಗಂಟನ್ನು ಕಿಸೆಗೆ ತುರುಕಿ ಗಾಡಿ ಏರಿದ.

ಆಮೇಲಿನದನ್ನು ಮಾಬ್ಲ ಎಂದೂ ಮರೆಯಲಾರ. ಸಿಳ್ಳು ಎದ್ದಿತು. ಬೆನ್ನ ಹಿಂದಿನಿಂದ ಯಾರೋ ಬಲವಾದ, ಪ್ರೀತಿಯ ಅಂಗೈ ಇಟ್ಟು ದೂಡಿದ ಹಾಗೆ ಗಾಡಿ ಮೇಲಕ್ಕೆ ನಡೆಯಿತು. ತಾನು ಪ್ರತಿ ಸಲ ನಿಂತು ನಾಚಿದ ಗೇರುಮರ, ಅಡ್ಡಗಲ್ಲು ಇಟ್ಟು ಬೆವರಿದ ತಿರುವು, ಎಲ್ಲವೂ ಹಳೆಯ ಅವಮಾನಗಳಂತೆ ಹಿಂದೆ ಸರಿದುಹೋದವು. ನೆತ್ತಿಯಲ್ಲಿ ಕಾಮತರು ಕನ್ನಡಕ ಸರಿಮಾಡಿಕೊಂಡು, "ಗಾಡಿ ಅಂದ್ರೆ ಹೀಂಗಿರಬೇಕು ಕಾಣು," ಎಂದು ಫೋನನ್ನು ಕಿಸೆಗೆ ಹಾಕಿದರು.

ತದಡಿ ಮುಟ್ಟಿದಾಗ ಹತ್ತೂಮುಕ್ಕಾಲು. ಆದರೆ ಬೋಟು ಕಟ್ಟುವ ಧಕ್ಕೆಯಲ್ಲಿ ಯಾರೂ ಐಸಿಗೆ ಓಡಿಬರಲಿಲ್ಲ. ಬೋಟುಗಳೆಲ್ಲ ಒಂದಕ್ಕೊಂದು ಇಮ್ಮಡಿ ಹಗ್ಗ ಬಿಗಿದುಕೊಂಡು ನಿಂತಿದ್ದವು. ಬಲೆಗಳ ಮೇಲೆ ತಾಡಪತ್ರಿ. ಕಂಬದಲ್ಲಿ ಏರಿಸಿದ ಕೆಂಪು ಬಾವುಟ ಮಾತ್ರ ಹಾರಲಾರದೆ ಜೋತುಬಿದ್ದಿತ್ತು. ಅಘನಾಶಿನಿ ಹೊಳೆ ಬೆಳಗಿಟ್ಟ ಹಿತ್ತಾಳೆ ತಟ್ಟೆಯಂತೆ ನಿಶ್ಚಲ. ಆ ಮೌನದ ಮೇಲೆ ಮೈಕು ಕೂಗುತ್ತಿತ್ತು: "ಭಾರಿ ಗಾಳಿ ಬರ್ತಾ ಇದೆ! ಯಾರೂ ಬೋಟು ಬಿಚ್ಚಬೇಡಿ!"

ಮೈಕು ಹಿಡಿದವನು ಉಮೇಶ.

"ಯಾರು ಹೇಳಿದ್ದನಾ? ಹವಾಮಾನದವರಾ?" ಕಾಮತರು ಕೇಳಿದರು.

"ಅವರಿಗಿಂತ ಮೊದ್ಲೇ ನಮ್ಮತ್ತೆ ಹೇಳಿದ್ರು. ಅಳ್ತಾ ಫೋನ್ ಮಾಡಿದ್ರು. 'ಗಾಳಿ ಈಗ ಕುಮಟಾ ಬಿಡ್ತದೆ, ಹನ್ನೊಂದಕ್ಕೆ ತದಡಿ ಮುಟ್ತದೆ, ಯಾರೂ ಎದುರಿಗೆ ಹೋಗಬೇಡಿ' ಅಂದ್ರು. ಅವರ ಕೈಯಲ್ಲಿದ್ದ ಗಂಟನ್ನೇ ಕಸ್ಕಂಡು ಹೋತಂತೆ ಕಾಮತ್ರೆ, ಅಷ್ಟು ಜೋರು!"

ಬೋಟಿನ ಅಂಚಿನಲ್ಲಿ ಕೂತಿದ್ದ ಬೋಟು ನಡೆಸುವ ಮುದಿ ತಾಂಡೇಲ ಈರಜ್ಜ ತಲೆಯಾಡಿಸಿದ. "ಎಲೆ ಅಲ್ಲಾಡೂದಿಲ್ಲ ಕಾಣು. ದೊಡ್ಡ ಗಾಳಿ ಮೊದ್ಲು ಹೀಂಗೇ. ಮೂರು ದಿನ ಯಾರೂ ಇಳಿಯೂದು ಬೇಡ."

ಮಾಬ್ಲನ ಕೈ ಕಿಸೆಗೆ ಹೋಯಿತು. ಬಟ್ಟೆಯೊಳಗಿನ ಸಾಸಿವೆ ಬೆರಳಿಗೆ ಉರುಳಿತು. ಬೆಳಗಿನಿಂದ ನಡೆದದ್ದೆಲ್ಲ ಒಂದೊಂದಾಗಿ ಅರ್ಥವಾಯಿತು. ಬಾಯಿ ತೆರೆದ. ಗಾಳಿ ಕಡಲಿನಲ್ಲಿಲ್ಲ, ನನ್ನ ಗಾಡಿಯಲ್ಲಿದೆ ಎನ್ನಬೇಕು. ಆದರೆ ಹುಣಸೆ ಮರದ ಗಾಳಿ ಹೊತ್ತು ತಂದ ಐಸನ್ನು ಕಡಲಿಗೆ ಹೋಗುವ ಯಾವ ಬೋಟು ಹತ್ತಿಸಿಕೊಂಡೀತು? ಈ ಸೀಜನ್ನಿಗಷ್ಟೇ ಅಲ್ಲ, ಯಾವ ಸೀಜನ್ನಿಗೂ ಇಲ್ಲ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ.

ಕಾಮತರು ಗಡಿಯಾರ ನೋಡಿದರು. ಹನ್ನೊಂದು. "ನಿನ್ನ ತಪ್ಪಲ್ಲ ಮಾಬ್ಲಾ. ಆದ್ರೆ ಮಾತು ಅಂದ್ರೆ ಮಾತು. ಐಸು ಬೋಟಿಗೆ ಏರಲಿಲ್ಲ," ಎಂದು ಮತ್ತೆ ಫೋನು ತೆಗೆದು, ಚಾದಂಗಡಿಯ ಕಡೆ ನಡೆದರು.

ಗಾಡಿಯ ಹಿಂದಿನಿಂದ ನೀರು ಹನಿಯತೊಡಗಿತ್ತು. "ಇನ್ನು ಎಂತಕ್ಕೆ ಓಡಿಸ್ತೆ? ಬಂದ್ ಮಾಡನಾ," ಎಂದ ಉಮೇಶ.

"ಎರಡು ನಿಮಿಷ," ಎಂದ ಮಾಬ್ಲ. "ತಣೀಲಿ."

ಒಂದೆಲೆಯೂ ಅಲುಗದ ಆ ದಂಡೆಯಲ್ಲಿ ಇದ್ದದ್ದೊಂದೇ ಗಾಳಿ. ಅದು ಗಾಡಿಯೊಳಗೆ, ಸಣ್ಣ ಚಕ್ರವೊಂದರಲ್ಲಿ, ಮೆಲ್ಲಗೆ ಸಿಳ್ಳು ಹಾಕುತ್ತಿತ್ತು. ಎರಡು ನಿಮಿಷದ ಮೇಲೆ ಮಾಬ್ಲ ಚಾವಿ ತಿರುಗಿಸಿದ. ಅದೂ ನಿಂತಿತು.